ಸ್ಪೆಷಲ್ ಬ್ಯಾಚಿನ ಬೂದಿ

'ಮನೋಲ್ಲಾಸ' ಎಂಬ ಪದವನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಎರಡು ಮಾತು ಕೇಳಬೇಕೆಂದು ಆ ಮೂರು ತಿಂಗಳು ದಿನಾ ಅನ್ನಿಸುತ್ತಿತ್ತು. ಎಂಬತ್ತರ ದಶಕದ ಒಂದು ಸಂಕ್ರಾಂತಿ ರಜೆ ಮುಗಿದು ಹಿಂದೂಪುರದ ನಮ್ಮ ಹೈಸ್ಕೂಲು ತೆರೆದ ದಿನವೇ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆಸಿದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಪಾಸಾದ ಹತ್ತನೇ ತರಗತಿಯವರನ್ನೆಲ್ಲ ಬೇರೆ ಕೂರಿಸಿ 'ಸ್ಪೆಷಲ್ ಬ್ಯಾಚು' ಮಾಡಲಾಗಿದೆ, ಅವರು ಹಳೆಯದನ್ನು ಮರೆತು ಹೊಸದಾಗಿ ಶುರು ಮಾಡಬೇಕು, ಅದಕ್ಕಾಗಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಅವರಿಗೆ ಮನೋಲ್ಲಾಸ ಉಂಟುಮಾಡುವ ಹೊಣೆ ನಿಮ್ಮದು ಎಂದರು.

ನಾನು ಡ್ರಿಲ್ ಮಾಸ್ತರ. ಕಲ್ಯಾಣದುರ್ಗದಿಂದ ದಸರಾ ಮುಗಿದ ಮೇಲೆ ವರ್ಗವಾಗಿ ಬಂದವನು. ಬಂದಾಗಿನಿಂದ ಹತ್ತನೇ ತರಗತಿಯ ನನ್ನ ಪೀರಿಯಡ್ಡುಗಳನ್ನೆಲ್ಲ ಮ್ಯಾಥ್ಸ್ ಮೇಷ್ಟ್ರು ಎತ್ತಿಕೊಂಡು ಲೆಕ್ಕ ಮಾಡಿಸುತ್ತಿದ್ದರು. ಹಾಗಾಗಿ ಹೆಡ್‌ಮಾಸ್ತರರ ಕಣ್ಣಿಗೆ ನಾನು ಕೆಲಸವಿಲ್ಲದವನು. "ಮೀರು ಖಾಳೀಗಾ ಉನ್ನಾರು ಕದಾ, ಡ್ರಿಲ್ ಮಾಸ್ಟರ್ ಗಾರು" ಎಂದು ತೆಲುಗಿನಲ್ಲಿ ನಕ್ಕರು. ಖಾಲಿ ಕೂತಿದ್ದೀರಲ್ಲ ಎಂದು. ಖಾಲಿ ಕೂರಿಸಿದವರು ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ, ಹೊಸ ಊರು.

ಇನ್ನೊಂದು ಕಾರಣವೂ ಇತ್ತು. ನವೆಂಬರಿನಲ್ಲಿ ಅನಂತಪುರದಲ್ಲಿ ಇದೇ ವಿಷಯದ ಒಂದು ತರಬೇತಿ ನಡೆದಿತ್ತು. ಬೇರೆ ಯಾವ ಮೇಷ್ಟರೂ ಹೋಗಲು ಒಪ್ಪದೆ ನನ್ನನ್ನು ಬಸ್ಸು ಹತ್ತಿಸಿದ್ದರು. ಅಲ್ಲಿ ಬಿಳಿ ಜುಬ್ಬಾ ತೊಟ್ಟವರೊಬ್ಬರು ಉಸಿರಾಟ, ನಗು, ಪಕ್ಕದವರ ಬಗ್ಗೆ ಒಂದು ಒಳ್ಳೆಯ ಮಾತು, ಕೊನೆಗೆ ಮನಸ್ಸಿನ ಭಾರವನ್ನು ಚೀಟಿಯಲ್ಲಿ ಬರೆದು ಸುಡುವುದು, ಎಲ್ಲವನ್ನೂ ಹೇಳಿಕೊಟ್ಟಿದ್ದರು. ಊಟ ಚೆನ್ನಾಗಿತ್ತು. ಮಿಕ್ಕಿದ್ದನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಸ್ಪೆಷಲ್ ಬ್ಯಾಚಿನವರ ಮನಸ್ಸು ಕುಗ್ಗಿದ್ದು ಏಕೆ ಎಂದು ತಿಳಿಯಲು ತರಬೇತಿಯೇನೂ ಬೇಕಿರಲಿಲ್ಲ. ಮಾರ್ಚಿನ ಪಬ್ಲಿಕ್ ಪರೀಕ್ಷೆಗೆ ಎಲ್ಲರೂ ಫೀಸು ಕಟ್ಟಿದ್ದರು, ಹಾಲ್ ಟಿಕೆಟ್ಟು ಎಲ್ಲರಿಗೂ ಬರುತ್ತಿತ್ತು. ಆದರೆ ಅದು ಮೊದಲು ಬಂದು ಸೇರುವುದು ಹೆಡ್‌ಮಾಸ್ತರರ ಬೀರುವನ್ನು. ಫೆಬ್ರವರಿಯ ಪ್ರಿಫೈನಲ್‌ನಲ್ಲೂ ನಪಾಸಾದವರ ಟಿಕೆಟ್ಟು ಬೀರುವಿನಲ್ಲೇ ಉಳಿಯುತ್ತದೆ ಎಂದು ಅವರು ಪ್ರಾರ್ಥನೆಯ ಹೊತ್ತಿನಲ್ಲೇ ಸಾರಿಬಿಟ್ಟಿದ್ದರು. ಶಾಲೆಯ ಪಾಸಿನ ಪ್ರಮಾಣ ಕೆಡಬಾರದಲ್ಲ. ಹಾಗೆ ಇಟ್ಟುಕೊಳ್ಳಲು ಯಾವ ಕಾನೂನೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ದಿನವಿಡೀ ಹೆದರಿಸಲು ಅವರು, ಬೆಳಿಗ್ಗೆ ಅರ್ಧ ಗಂಟೆ ನಗಿಸಲು ನಾನು.

ಆ ಬ್ಯಾಚಿನ ಕೊನೆಯ ಬೆಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದ ಹುಡುಗಿಯನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಎರಡು ದಿನ ಬೇಕಾಯಿತು ಹೊಳೆಯಲು. ಕಲ್ಯಾಣದುರ್ಗದಲ್ಲಿ ನನ್ನ ಖೋಖೋ ತಂಡದಲ್ಲಿದ್ದವಳು. ಅಲ್ಲಿ ಇವಳು 'ಖೋ' ಎಂದು ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಇಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ತಾಯಿ ತೀರಿಕೊಂಡಿದ್ದಳಂತೆ. ತಂದೆ ತಡಮಾಡದೆ ಇನ್ನೊಂದು ಮದುವೆಯಾಗಿ, ಮಗಳನ್ನು ಹಿಂದೂಪುರದಲ್ಲಿದ್ದ ಅವಳ ಚಿಕ್ಕಮ್ಮನ ಮನೆಗೆ ತಂದು ಬಿಟ್ಟು ಹೋಗಿದ್ದ. ವರ್ಷದ ನಡುವೆ ಶಾಲೆ ಬದಲಾಗಿ, ಇಲ್ಲಿ ಮುಗಿದುಹೋಗಿದ್ದ ಪಾಠಗಳು ಅವಳಿಗೆ ಸಿಕ್ಕಿರಲೇ ಇಲ್ಲ.

ಚಿಕ್ಕಮ್ಮನದು ಮಗ್ಗದ ಮನೆ. ಒಂದು ಸಂಜೆ ನಾನೇ ಹೋದೆ. ಚಿಕ್ಕಪ್ಪ ಮಗ್ಗದ ಗುಣಿಯಿಂದ ಮೇಲೆ ಬರದೆ, ಕಾಲನ್ನೂ ನಿಲ್ಲಿಸದೆ ಮಾತಾಡಿದ.

"ನಮ್ದೇನಿಲ್ಲ ಐವಾರೆ. ಹಾಲ್ ಟಿಕೆಟ್ ಬಂದ್ರೆ ಬರೀಲಿ, ಪಾಸಾಗ್ಲಿ, ಅದೇನೋ ನರ್ಸ್ ಟ್ರೈನಿಂಗ್ ಅಂತಾಳೆ, ಸೇರ್ಕಳ್ಲಿ. ಬ್ಯಾಡ ಅನ್ನಾಕಿಲ್ಲ. ಬರ್ನಿಲ್ಲ ಅಂದ್ರೆ ಕಲ್ಯಾಣದುರ್ಗದ ಬಸ್ ಹತ್ತುಸ್ಬುಡ್ತೀನಿ. ನಮ್ಮನೇಲೂ ಹೆಣ್ಮಕ್ಕಳವ್ರೆ ಕಣಪ್ಪ."

ಕಲ್ಯಾಣದುರ್ಗದಲ್ಲಿ ಮಲತಾಯಿ ಬಸುರಿಯಾಗಿದ್ದಳು. ಹುಡುಗಿ ಬಂದರೆ ಕೂಸು ನೋಡಿಕೊಳ್ಳಲು ಆಯಿತು ಎಂದು ತಂದೆ ಆಗಲೇ ಹೇಳಿ ಕಳಿಸಿದ್ದ. ಬಸ್ಸು ಹತ್ತಿದರೆ ಓದು ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ನನಗೆ ಕಾಫಿ ತಂದು ಕೊಟ್ಟಳು, ಮುಖ ನೋಡಲಿಲ್ಲ.

ಇನ್ನು ನನ್ನ ಮನೋಲ್ಲಾಸದ ಕತೆ. ಮೊದಲು ಉಸಿರಾಟ ಶುರು ಮಾಡಿದೆ. ಕಣ್ಣು ಮುಚ್ಚಿ ಎಂದದ್ದೇ ತಡ, ಇಬ್ಬರು ಗೊರಕೆ ಹೊಡೆದರು. ಮಗ್ಗದ ಮನೆಯ ಹುಡುಗರು, ಕೋಳಿ ಕೂಗುವ ಮುಂಚೆ ಎದ್ದು ಕೆಲಸ ಮಾಡಿ ಬಂದವರು. ಎಬ್ಬಿಸಲು ಮನಸ್ಸಾಗಲಿಲ್ಲ. ಆಮೇಲೆ ನಗು. "ಎಲ್ಲಾರೂ ಜೋರಾಗಿ ನಗ್ರಪ್ಪ" ಎಂದೆ. ಯಾರೂ ನಗಲಿಲ್ಲ. ನಾನೇ ನಕ್ಕು ತೋರಿಸಿದೆ. ಅದನ್ನು ನೋಡಿ ಒಬ್ಬ ನಕ್ಕ, ಆಮೇಲೆ ಎಲ್ಲರೂ ನನ್ನನ್ನು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಪಕ್ಕದ ಕೋಣೆಯಿಂದ ಮ್ಯಾಥ್ಸ್ ಮೇಷ್ಟ್ರು ಸೀಮೆಸುಣ್ಣ ಹಿಡಿದೇ ಬಂದು, ಇದೇನು ಶಾಲೆಯೋ ಸಂತೆಯೋ ಎಂದು ಕೇಳಿ ಹೋದರು.

ಪಕ್ಕದವರ ಬಗ್ಗೆ ಒಳ್ಳೆಯ ಮಾತು ಹೇಳುವ ದಿನ ಆರಂಭ ಚೆನ್ನಾಗಿತ್ತು. "ಇವ್ನು ಪೆನ್ಸಿಲ್ ಕೇಳಿದ್ರೆ ಕೊಡ್ತಾನೆ ಸಾರ್, ವಾಪಸ್ ಕೇಳಲ್ಲ" ಎಂದ ಒಬ್ಬ. ಪರವಾಗಿಲ್ಲ ಅಂದುಕೊಂಡೆ. ಮುಂದಿನವನು ಎದ್ದು "ಇವ್ನ ಅಕ್ಕ ಚೆನ್ನಾಗವ್ಳೆ ಸಾರ್" ಎಂದ. ಹೊಡೆದಾಟ ಬಿಡಿಸುವಷ್ಟರಲ್ಲಿ ನನ್ನ ಅಂಗಿಯ ಗುಂಡಿ ಹೋಗಿತ್ತು. ಕೈತೋಟ ಮಾಡಿಸಿದೆ. ಮೊಳಕೆ ಬಂದ ದಿನವೇ ಯಾರದೋ ಮೇಕೆ ನುಗ್ಗಿ ಒಪ್ಪ ಮಾಡಿ ಹೋಯಿತು. ಬಿಳಿ ಜುಬ್ಬಾದವರು ಮೇಕೆಯ ಬಗ್ಗೆ ಏನೂ ಹೇಳಿರಲಿಲ್ಲ.

ಉಳಿದದ್ದು ಚೀಟಿ. ಪ್ರತಿಯೊಬ್ಬರಿಗೂ ಒಂದೊಂದು ತುಂಡು ಕಾಗದ ಕೊಟ್ಟು, ಮನಸ್ಸಿಗೆ ಭಾರವಾಗಿರುವುದನ್ನು ಬರೆದು ಮಡಿಸಿ, ನಾನೂ ಓದುವುದಿಲ್ಲ, ಯಾರೂ ಓದುವುದಿಲ್ಲ, ಸುಟ್ಟುಬಿಡೋಣ, ನಾಳೆಯಿಂದ ಹೊಸದಾಗಿ ಶುರು ಮಾಡೋಣ ಎಂದೆ. ಇದೂ ಗಲಾಟೆಯಾಗುತ್ತದೆ ಎಂದೇ ತಿಳಿದಿದ್ದೆ. ಆಗಲಿಲ್ಲ. ಮೊದಲ ಸಲ ಆ ಕೋಣೆಯಲ್ಲಿ ಪೆನ್ಸಿಲ್ಲಿನ ಸದ್ದು ಕೇಳಿಸಿತು. ತುಂಟರಲ್ಲಿ ತುಂಟನಾದವನೂ ಕೈ ಅಡ್ಡ ಇಟ್ಟುಕೊಂಡು ಬರೆದ. ಕಲ್ಯಾಣದುರ್ಗದ ಹುಡುಗಿ ಇನ್ನೊಂದು ಕಾಗದ ಬೇಕೆಂದು ಕೈ ಚಾಚಿದಳು. ಕುಡಿಯುವ ನೀರಿನ ಮಡಕೆಗಳ ಹತ್ತಿರ ಬಿದ್ದಿದ್ದ ಒಡಕು ಕುಡಿಕೆಯೊಂದರಲ್ಲಿ ಎಲ್ಲವನ್ನೂ ಹಾಕಿ ಕಡ್ಡಿ ಗೀರಿದೆ. ಗಾಳಿಗೆ ಹತ್ತಲಿಲ್ಲ. ಪೂಜೆ ಸಾಮಾನಿನ ಅಂಗಡಿಯವನ ಮಗ ಜೇಬಿನಿಂದ ಕರ್ಪೂರ ತೆಗೆದುಕೊಟ್ಟ. ಚೆನ್ನಾಗಿ ಉರಿಯಿತು. ಬೂದಿ ಆರಿದ ಮೇಲೆ ಕುಡಿಕೆಯನ್ನು ಆ ಹುಡುಗಿಯ ಕೈಗೆ ಕೊಟ್ಟು, ಎಲ್ಲಾದರೂ ಚೆಲ್ಲಿ ಬಾರಮ್ಮ ಎಂದೆ. ನಾನು ಮಾಡಿದ್ದು ಇಷ್ಟೇ.

ಅಂದು ಅಮಾವಾಸ್ಯೆ. ನಾನು ಕ್ಯಾಲೆಂಡರ್ ನೋಡಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೆಡ್‌ಮಾಸ್ತರರ ಕೋಣೆಯಿಂದ ಕರೆ ಬಂತು. ಒಳಗೆ ಹುಣಸೆಮಂಡಿಯ ಯಜಮಾನರು ಕೂತಿದ್ದರು. ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ಶಾಲೆಯ ಅರ್ಧ ಬೆಂಚುಗಳು ಅವರು ಮಾಡಿಸಿಕೊಟ್ಟವು. ಅವರ ಒಬ್ಬನೇ ಮಗ ಹತ್ತನೇ ತರಗತಿಗೇ ಮೊದಲಿಗ, ಮ್ಯಾಥ್ಸ್ ಮೇಷ್ಟ್ರ ಬಳಿ ಬೆಳಿಗ್ಗೆ ಸಂಜೆ ಟ್ಯೂಷನ್ನಿಗೆ ಹೋಗುವವನು.

"ಏಮಂಡಿ ಇದಿ?" ಎಂದರು ಹೆಡ್‌ಮಾಸ್ತರರು. "ಉಲ್ಲಾಸಂ ಚೇಯಮಂಟೆ ಚೇತಬಡಿ ಚೇಸ್ತಾರಾ?" ಉಲ್ಲಾಸ ಮಾಡಿ ಎಂದರೆ ಮಾಟ ಮಾಡುತ್ತೀರಾ ಎಂದು.

ಯಜಮಾನರು ನನ್ನತ್ತ ತಿರುಗಿದರು.

"ನಾನ್ ಓದ್ದೋನಲ್ಲ ಐವಾರೆ, ಆದ್ರೆ ಕಣ್ಣವೆ. ಅಮಾಸೆ ದಿನ. ಒಡಕು ಕುಡಿಕೆ. ಕರ್ಪೂರ. ನಪಾಸಾದೋರೆಲ್ಲ ಸೇರ್ಕಂಡು ಬರ್ದ ಚೀಟಿ. ಅದನ್ನ ಸುಟ್ಟು, ಗೇಟ್ ಒಳಗಡೆ ಮೂರ್ ದಾರಿ ಕೂಡೋ ಕಡೆ ಚೆಲ್ಲಿ, ಹಿಂದಕ್ ತಿರುಗ್ ನೋಡ್ದಂಗೆ ಬಂದು ಕಾಲ್ ತೊಳ್ಕಂಡವ್ಳೆ ಆ ಹುಡುಗಿ. ಸ್ಕೂಲ್ ಆಯಾ ಕಣ್ಣಾರೆ ಕಂಡವ್ಳೆ. ಇದು ಮಾಟ ಅಲ್ದಿದ್ರೆ ಇನ್ನೇನು, ಡ್ರಿಲ್ಲಾ?"

ಅವರ ಮಗ ಆ ಜಾಗ ತುಳಿದುಕೊಂಡು ಮನೆಗೆ ಹೋಗಿದ್ದನಂತೆ. ಅಂದಿನಿಂದ ಜ್ವರ. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಪುಸ್ತಕ ತೆಗೆದರೆ ಅಕ್ಷರ ಕಾಣುತ್ತಿಲ್ಲ ಎನ್ನುತ್ತಾನೆ. "ಅವುರ್ ನಪಾಸನ್ನ ನಮ್ಮುಡ್ಗನ ತಲೇಗ್ ಕಟ್ಬುಟ್ರಿ" ಎಂದರು ಯಜಮಾನರು. ಹೇಳುತ್ತ ಹೇಳುತ್ತ ದನಿ ಒಡೆಯಿತು. ಆ ಮನುಷ್ಯ ನಿಜಕ್ಕೂ ಹೆದರಿದ್ದರು. ಅದನ್ನು ನೋಡಿ ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು.

ಹುಡುಗಿಯನ್ನು ಪಕ್ಕಕ್ಕೆ ಕರೆದು, ಚೆಲ್ಲು ಎಂದರೆ ಹಾಗೇಕೆ ಮಾಡಿದೆ ಎಂದು ಕೇಳಿದೆ. ಆ ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಪೂರ್ತಿ ಮಾತು ಅದು.

"ಅಷ್ಟೊಂದ್ ಜನದ ಕಷ್ಟ ಸುಟ್ಟ ಬೂದಿ ಸಾರ್. ತಿಪ್ಪೆಗ್ ಹಾಕಾಕಾಯ್ತದಾ? ನಮ್ಮಮ್ಮ ದಿಷ್ಟಿ ತೆಗ್ದ್ರೆ ಮೂರ್ ದಾರೀಗೇ ಹಾಕ್ತಿದ್ಳು. ತಿರುಗ್ ನೋಡುದ್ರೆ ಮತ್ತೆ ಬೆನ್ನಿಗ್ ಬತ್ತದೆ ಅಂತಿದ್ಳು."

ಎಲ್ಲರಿಗೂ ಆಟವಾಗಿದ್ದ ನನ್ನ ಕಾರ್ಯಕ್ರಮವನ್ನು ಮನಸ್ಸಿಟ್ಟು ನಂಬಿ ಮಾಡಿದವಳು ಅವಳೊಬ್ಬಳೇ. ಅವಳ ತಲೆಗೇ ಬಂದಿತ್ತು.

ಯಜಮಾನರ ಬೇಡಿಕೆ ಸರಳವಾಗಿತ್ತು. ಹುಡುಗಿ ಎಲ್ಲರೆದುರು ತಪ್ಪೊಪ್ಪಿಕೊಂಡು, ಆ ಜಾಗದ ಮಣ್ಣನ್ನು ತನ್ನ ಕೈಯಿಂದಲೇ ಎತ್ತಿ ಊರಾಚೆ ಹಾಕಿ ಬರಬೇಕು. ಹೆಡ್‌ಮಾಸ್ತರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಿಕ್ಕಪ್ಪನನ್ನು ಕರೆಸಿ ಹುಡುಗಿಗೆ ಟಿ.ಸಿ. ಕೊಟ್ಟುಬಿಡುವುದು, ಸ್ಪೆಷಲ್ ಬ್ಯಾಚಿನ ಉಳಿದವರು ಇನ್ನು ಮುಂದೆ ಪಾಯಿಖಾನೆಯ ಕಡೆಯ ಹಿಂಬಾಗಿಲಿನಿಂದ ಓಡಾಡುವುದು. ಹೊಸದಾಗಿ ಶುರು ಮಾಡಬೇಕಾದ ಮಕ್ಕಳಿಗೆ ಪಾಯಿಖಾನೆಯ ದಾರಿ!

ನಾನು ವಾದಿಸಿದೆ. ಜ್ವರಕ್ಕೂ ಬೂದಿಗೂ ಏನು ಸಂಬಂಧ ಎಂದು ಕೇಳಿದೆ. ಮ್ಯಾಥ್ಸ್ ಮೇಷ್ಟ್ರನ್ನು ಸಾಕ್ಷಿಗೆ ಕರೆದೆ. ಅವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಇದೆಲ್ಲ ಶುದ್ಧ ಮೂಢನಂಬಿಕೆ ಎಂದು ಭಾಷಣವನ್ನೇ ಮಾಡಿದರು. ಸಂಜೆ ಮನೆಗೆ ಹೊರಟಾಗ ಗೇಟಿನ ಬಳಿ ಸೈಕಲ್ಲಿನಿಂದ ಇಳಿದು, ಸೈಕಲ್ಲನ್ನು ಹೆಗಲಿಗೆತ್ತಿಕೊಂಡು, ಆ ಜಾಗವನ್ನು ಸುತ್ತು ಹಾಕಿ ಹೋದರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ "ಹೆಂಡತಿ ಬಯ್ತಾಳೆ ಸಾರ್" ಎಂದರು.

ಆ ಜಾಗದಲ್ಲಿ ಆಗ ಏನೂ ಇರಲಿಲ್ಲ. ಬೂದಿ ಎಂದೋ ಗಾಳಿಗೆ ಹಾರಿಹೋಗಿತ್ತು. ಆದರೂ ಅದು ಎಲ್ಲಿದೆ ಎಂದು ಆರನೇ ತರಗತಿಯ ಮಕ್ಕಳಿಗೂ ಕರಾರುವಾಕ್ಕಾಗಿ ಗೊತ್ತಿತ್ತು. ಇಡೀ ಶಾಲೆ ಅದರ ಎರಡೂ ಪಕ್ಕಕ್ಕೆ ಹರಿದು ಒಳಗೆ ಬರುತ್ತಿತ್ತು, ನಡುವೆ ಬೋಳು ಮಣ್ಣಿನ ಒಂದು ದುಂಡು ಜಾಗ ಉಳಿಯುತ್ತಿತ್ತು.

ಸುಲಭದ ದಾರಿ ಇತ್ತು. ಸಗಣಿ ನೀರು ಚಿಮುಕಿಸಿ, ಒಂದು ತೆಂಗಿನಕಾಯಿ ಒಡೆಸಿ, ಹುಡುಗಿಯ ಕೈಯಲ್ಲಿ ಒಂದು ಹಿಡಿ ಮಣ್ಣು ಎತ್ತಿಸಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನೇ ಹೇಳಿದರು. ನಾನೂ ಒಂದು ದಿನ ಅದನ್ನೇ ಯೋಚಿಸಿದೆ. ಆದರೆ ಮಣ್ಣು ಎತ್ತಿದರೆ ಮಾಟ ಮಾಡಿದ್ದು ನಿಜ ಎಂದಾಯಿತು. ಆ ಮಾತು ಮಗ್ಗದ ಬೀದಿ ತಲುಪಿದ ದಿನವೇ ಚಿಕ್ಕಪ್ಪ ಅವಳನ್ನು ಬಸ್ಸು ಹತ್ತಿಸುತ್ತಿದ್ದ. ಆಮೇಲೆ ಹಾಲ್ ಟಿಕೆಟ್ಟು ಯಾರಿಗೆ? ಮಣ್ಣು ಎತ್ತಿಸಬಾರದು ಎಂದು ತೀರ್ಮಾನಿಸಿದೆ. ಹೆಡ್‌ಮಾಸ್ತರರ ಬಳಿ ಹೋಗಿ, ಪ್ರಿಫೈನಲ್‌ವರೆಗೆ ಟಿ.ಸಿ. ಬರೆಯಬೇಡಿ, ಹಿಂಬಾಗಿಲಿನ ಮಾತೂ ಬೇಡ, ಗಲಾಟೆ ನಾನು ನೋಡಿಕೊಳ್ಳುತ್ತೇನೆ ಎಂದೆ. ವರ್ಷದ ನಡುವೆ ಮಕ್ಕಳ ಸಂಖ್ಯೆ ಇಳಿಸುವುದು ಅವರಿಗೂ ಬೇಕಿರಲಿಲ್ಲ, ಗೊಣಗಿ ಒಪ್ಪಿದರು.

ವಾದದಿಂದ ಆಗದ್ದನ್ನು ಡ್ರಿಲ್ಲಿನಿಂದ ಮಾಡೋಣವೆಂದು ಮಾರನೆಯ ಬೆಳಿಗ್ಗೆ ಸುಣ್ಣದ ಪುಡಿ, ಹಗ್ಗ, ಎರಡು ಕಂಬ ತೆಗೆದುಕೊಂಡು ಗೇಟಿನ ಒಳಗೆ ಖೋಖೋ ಅಂಕಣ ಹಾಕಲು ನಿಂತೆ. ಕಂಬ ನೆಟ್ಟು, ಹಗ್ಗ ಬಿಗಿದು, ನಡುಪಟ್ಟಿ ಎಳೆದು, ಕೂರುವ ಚೌಕಗಳನ್ನು ಅಳೆದು ಬರೆದೆ. ನಾಲ್ಕನೆಯ ಚೌಕ ಸರಿಯಾಗಿ ಆ ಬೋಳು ಜಾಗದ ಮೇಲೆ ಬರುವಂತೆ ಕಂಬವನ್ನು ಎರಡು ಸಲ ಕಿತ್ತು ನೆಡಬೇಕಾಯಿತು. ಹೆಡ್‌ಮಾಸ್ತರರು ಓಡಿಬಂದು, ಗೇಟಿನ ಮುಂದೆ ಆಟವೇ, ಇನ್‌ಸ್ಪೆಕ್ಷನ್ ಬಂದರೆ ಏನು ಗತಿ ಎಂದರು.

"ಮೈದಾನದಾಗೆ ಮ್ಯಾಥ್ಸ್ ಮೇಷ್ಟ್ರ ಟ್ಯೂಷನ್ ನಡೀತೈತೆ ಸಾರ್. ಉಲ್ಲಾಸ ಮಾಡ್ಸು ಅಂದ್ರಿ, ಜಾಗ ಯಾವ್ದು ಅಂತ ಹೇಳ್ಲಿಲ್ವಲ್ಲ" ಎಂದೆ. ಬಿಸಿಲಿಗೂ ಕೋಪಕ್ಕೂ ನನ್ನ ಮುಖ ಹೇಗಿತ್ತೋ, ಬಂದ ದಾರಿಯಲ್ಲೇ ಹಿಂದಿರುಗಿದರು.

ಮೊದಲು ಹುಡುಗಿಯರ ಆಟ. ಚೌಕಗಳಲ್ಲಿ ಕೂರಲು ಹೇಳಿದರೆ ಒಬ್ಬರನ್ನೊಬ್ಬರು ತಳ್ಳುತ್ತ ನಿಂತರು. ಕಲ್ಯಾಣದುರ್ಗದವಳು ಲಂಗ ಎತ್ತಿ ಕಟ್ಟಿಕೊಂಡು ಸೀದಾ ಹೋಗಿ ನಾಲ್ಕನೆಯ ಚೌಕದಲ್ಲಿ ಕೂತಳು. ಯಾರನ್ನೂ ನೋಡಲಿಲ್ಲ. ಬೆನ್ನಿಗೆ ಖೋ ಬಿದ್ದೊಡನೆ ಎದ್ದ ರಭಸಕ್ಕೆ ನನಗೇ ಹಳೆಯ ಶಾಲೆ ನೆನಪಾಯಿತು. ಅವಳು ಖೋ ಕೊಟ್ಟಾಗ ಆ ದನಿ ಇಡೀ ಕಟ್ಟಡಕ್ಕೆ ಕೇಳಿಸಿತು. ಕಿಟಕಿಗಳಲ್ಲಿ ತಲೆಗಳು ಬಂದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಸೀಟಿ ಊದುವುದೇ ಮರೆತುಹೋಯಿತು.

ಹುಡುಗರ ಕತೆ ಬೇರೆ. ಮೀಸೆ ಚಿಗುರುತ್ತಿದ್ದ ಆ ಶೂರರು ದಿನಾ ಲೆಕ್ಕ ಹಾಕಿಕೊಂಡು ಒಬ್ಬನನ್ನು ಕಡಿಮೆ ಮಾಡಿಕೊಂಡೇ ಬರುತ್ತಿದ್ದರು. ಒಬ್ಬನಿಗೆ ಹೊಟ್ಟೆನೋವು, ಒಬ್ಬನಿಗೆ ಕಾಲು ಉಳುಕು. ಒಬ್ಬ ಕಡಿಮೆಯಾದರೆ ಒಂದು ಚೌಕ ಖಾಲಿ ಉಳಿಯಬೇಕು. ಯಾವ ಚೌಕ ಎಂದು ಹೇಳಬೇಕಾಗಿಲ್ಲ. ಬಯ್ದೆ, ರೇಗಿಸಿದೆ, ಹುಡುಗಿಯರನ್ನು ತೋರಿಸಿ ಹೀಯಾಳಿಸಿದೆ. ಎಮ್ಮೆ ಮೇಲೆ ಮಳೆ ಸುರಿದಂತಾಯಿತು.

ಹೀಗೇ ಒಂದು ವಾರ ಕಳೆದಿರಬಹುದು. ಮಂಡಿ ಯಜಮಾನರ ಮಗ ಜ್ವರ ಬಿಟ್ಟು ಶಾಲೆಗೆ ಬರತೊಡಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಮುಂಬಾಗಿಲಿಗೆ ಕಾಲಿಡಬೇಡ ಎಂದು ತಂದೆಯ ಅಪ್ಪಣೆ. ಹಿಂಬಾಗಿಲಿಗೆ ಹೋಗುವ ಮುಂಚೆ ಅವನು ಗೇಟಿನ ಸರಳು ಹಿಡಿದು ಆಟ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ಹುಡುಗರ ಆಟ ನಡೆದಿತ್ತು, ಎಂದಿನಂತೆ ನಾಲ್ಕನೆಯ ಚೌಕ ಖಾಲಿ.

"ಸಾರ್, ಒಬ್ರು ಕಮ್ಮಿ ಅವ್ರೆ" ಎಂದ ಗೇಟಿನಾಚೆಯಿಂದ.

"ಗೊತ್ತು ಕಣಪ್ಪ. ನೀನ್ ಹೋಗಿ ಓದ್ಕೋ."

"ನಾನ್ ಬರ್ಲಾ ಸಾರ್? ನಾನ್ ಒಂದ್ಸಲಾನೂ ಆಡಿಲ್ಲ."

ಹದಿನೈದು ವರ್ಷದ ಹುಡುಗ, ಒಂದು ಸಲವೂ ಖೋಖೋ ಆಡಿಲ್ಲ. ಖಾಲಿ ಇರುವುದು ಯಾವ ಚೌಕ ಗೊತ್ತೇನೋ ಎಂದೆ. ಗೊತ್ತು ಸಾರ್ ಎಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಖೋ ಬಿದ್ದಾಗ ಎದ್ದು ತಪ್ಪು ದಿಕ್ಕಿಗೆ ಓಡಿದ, ನಡುಪಟ್ಟಿ ದಾಟಿದ, ಕಂಬಕ್ಕೆ ಡಿಕ್ಕಿ ಹೊಡೆದ. ಎಲ್ಲರೂ ನಕ್ಕರು. ಅವನೂ ನಕ್ಕ. ಜೋರಾಗಿ ನಗಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಮರುದಿನವೂ ಬಂದ. ಅವನು ಬಂದು ಏನೂ ಆಗಲಿಲ್ಲವೆಂದು ಕಂಡ ಮೇಲೆ ಸ್ಪೆಷಲ್ ಬ್ಯಾಚಿನ ಹೊಟ್ಟೆನೋವುಗಳೆಲ್ಲ ಗುಣವಾದವು, ಬೇರೆ ತರಗತಿಯವರೂ ನುಗ್ಗಿದರು, ನಾಲ್ಕನೆಯ ಚೌಕಕ್ಕೇ ಜಗಳ ಶುರುವಾಯಿತು. ಬೆಳಿಗ್ಗೆ ಆಡಿ ಬಂದ ಬ್ಯಾಚು ಆಮೇಲೆ 'ನಾವು ನಪಾಸಿನೋರು' ಎಂಬ ಮುಖ ಹಾಕಿಕೊಂಡು ಕೂರುತ್ತಿರಲಿಲ್ಲ, ಪಾಠ ಕೇಳುತ್ತಿತ್ತು. ಮೊದಲಿಗನೇ ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಮ್ಯಾಥ್ಸ್ ಮೇಷ್ಟ್ರು ಮಾತ್ರ ಸೈಕಲ್ ಹೊರುವುದನ್ನು ಬಿಡಲಿಲ್ಲ.

ಇಷ್ಟಾದ ಮೇಲೆ ಪ್ರಿಫೈನಲ್ ಬಂತು. ಬ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಾಟಿದರು. ಕಲ್ಯಾಣದುರ್ಗದ ಹುಡುಗಿ ಎಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಮಾತ್ರ ಕೂದಲೆಳೆಯಷ್ಟು ಕಡಿಮೆ. ಅರ್ಧ ವರ್ಷದ ಪಾಠವನ್ನು ಆರು ವಾರದಲ್ಲಿ ಕಲಿತು ಅಲ್ಲಿಯವರೆಗೆ ಬಂದಿದ್ದಾಳೆ, ಪಬ್ಲಿಕ್ ಪರೀಕ್ಷೆಗೆ ಇನ್ನೂ ದಿನಗಳಿವೆ ಎಂದು ಹೆಡ್‌ಮಾಸ್ತರರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ರೂಲ್ ಎಂದರೆ ರೂಲ್ ಎಂದರು. ಬೀರುವಿನ ಬೀಗದ ಕೈ ಅವರ ಜನಿವಾರದಲ್ಲಿ ತೂಗುತ್ತಿತ್ತು. ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ.

ಹಾಲ್ ಟಿಕೆಟ್ ಹಂಚುವ ದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಸರಸ್ವತಿ ಪಟಕ್ಕೆ ಹೂವು ಹಾಕಿ, ಮಂಡಕ್ಕಿ ಬೆಲ್ಲ ಹಂಚಿ, ಪಾಸಾದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಕೊಟ್ಟರು. ಉಳಿದವರು ವರಾಂಡದಲ್ಲಿ ನಿಂತಿದ್ದರು. ಅವರಿಗೂ ಮಂಡಕ್ಕಿ ಕೊಟ್ಟಿದ್ದರು. ಹುಡುಗಿ ಅದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಮರುದಿನದ ಬಸ್ಸಿಗೆ ಹೊರಡಿಸುವುದೆಂದು ಚಿಕ್ಕಪ್ಪ ತೀರ್ಮಾನಿಸಿಯಾಗಿತ್ತು.

ಆಗ ಮಂಡಿ ಯಜಮಾನರು ಮಗನನ್ನು ಕರೆದುಕೊಂಡು ಗೇಟಿನಿಂದಲೇ ಬಂದರು. ಹೆಡ್‌ಮಾಸ್ತರರು ಎದ್ದು ಕುರ್ಚಿ ಕೊಟ್ಟರು. ಯಜಮಾನರು ಕೂರಲಿಲ್ಲ.

"ಆ ಕಲ್ಯಾಣದುರ್ಗದ ಹುಡುಗಿ ಎಲ್ಲಿ ಐವಾರೆ?"

ಮುಗಿಯಿತು ಅಂದುಕೊಂಡೆ. ಎಂಥ ಜಗಳಕ್ಕೂ ಸಿದ್ಧನಾಗಿ ಅವಳನ್ನು ಒಳಗೆ ಕರೆದು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಯಜಮಾನರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನೋಡಮ್ಮ, ನಮ್ಮುಡ್ಗ ನೀನ್ ಹಾಕಿದ್ ಜಾಗದಾಗ್ ಕುಂತ್ಮೇಲೇ ಸರಿ ಹೋದ. ಮುದ್ದೆ ಕೇಳ್ ಕೇಳ್ ಹಾಕ್ಸ್ಕಂಡ್ ತಿಂತಾನೆ. ಮಲಗಿದ್ರೆ ನಿದ್ದೆ. ಇಡಾಕ್ ಗೊತ್ತಿದ್ದೋರ್ಗೆ ತೆಗಿಯಾಕೂ ಗೊತ್ತಿರ್ತದೆ. ನಿನ್ ಕೈ ಒಳ್ಳೇ ಕೈ ಕಣಮ್ಮ. ಪರೀಕ್ಷೆಗ್ ಹೋಗೋಕ್ ಮುಂಚೆ ಇವ್ನಿಗೊಂದ್ ದಿಷ್ಟಿ ತೆಗ್ದಾಕು."

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಸುಣ್ಣ ಹಾಕಿದ್ದು, ಕಂಬ ನೆಟ್ಟಿದ್ದು, ಗಂಟಲು ಹರಿದುಕೊಂಡದ್ದು ಎಲ್ಲ ಸೇರಿ ಇಷ್ಟಕ್ಕೆ ಬಂದು ನಿಂತಿತ್ತು. ನಿನ್ನೆ ಮಾಟಗಾತಿ, ಇವತ್ತು ದೇವತೆ. ನಿಮ್ಮ ಮಗನಿಗೆ ಇದ್ದದ್ದು ಮೊದಲನೆಯವನಾಗಿಯೇ ಇರಬೇಕೆಂಬ ಭಯದ ಜ್ವರ, ವಾಸಿಯಾದದ್ದು ಓಡಾಡಿದ್ದಕ್ಕೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಮಾತಾಡಿದಳು.

"ತೆಗೀತೀನಿ. ಆದ್ರೆ ನಮ್ ಬ್ಯಾಚ್ನೋರ್ ಹಾಲ್ ಟಿಕೆಟ್ ಆ ಬೀರುನಾಗವೆ. ನಂದೂ ಅಲ್ಲೇ ಐತೆ. ಮನಸ್ನಾಗ್ ಕೊರಗಿಟ್ಕಂಡು ದಿಷ್ಟಿ ತೆಗ್ದ್ರೆ ನಿಮ್ಮುಡುಗನ್ಗೇ ಒಳ್ಳೇದಾಗಲ್ಲ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಯಜಮಾನರು ಬೀರುವನ್ನೂ ಹೆಡ್‌ಮಾಸ್ತರರನ್ನೂ ನೋಡಿದರು.

"ಏನ್ ಐವಾರೆ ಇದು? ಮಕ್ಕಳ್ ಟಿಕೆಟ್ ಮಡಿಕ್ಕಂಡು ನೀವೇನ್ ಮಾಡ್ತೀರಿ? ಕೊಡಿ, ಕೊಡಿ. ಎಲ್ರಿಗೂ ಕೊಡಿ."

ರೂಲು ಎಲ್ಲಿ ಹೋಯಿತೋ, ಬೀಗದ ಕೈ ಹೊರಬಂತು. ಹೆಡ್‌ಮಾಸ್ತರರು ಒಂದೊಂದೇ ಹೆಸರು ಕರೆದು ವರಾಂಡದವರಿಗೆಲ್ಲ ಕೊಟ್ಟರು. ಕೊನೆಯದು ಅವಳದು. ಅವಳು ಅದನ್ನು ಎರಡು ಸಲ ಓದಿದಳು. ಮೂಢನಂಬಿಕೆಯ ಬಗ್ಗೆ ಅಷ್ಟು ದಿನ ಊರಿಗೆಲ್ಲ ಉಪನ್ಯಾಸ ಕೊಟ್ಟಿದ್ದ ನಾನೇ ಗೇಟಿನಾಚೆಯ ಹೋಟೆಲಿಗೆ ಓಡಿ, ಒಂದು ಹಿಡಿ ಕಲ್ಲುಪ್ಪು, ಒಣ ಮೆಣಸಿನಕಾಯಿ ಕೇಳಿ ತಂದೆ.

ಹುಡುಗನನ್ನು ಮೂಡಲಿಗೆ ಮುಖ ಮಾಡಿಸಿ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ಬಲಗೈಯಲ್ಲಿ ಹಿಡಿದು ಮೂರು ಸುತ್ತು ಇಳಿ ತೆಗೆದಳು. ಅವಳ ತಾಯಿ ಹೀಗೇ ಮಾಡುತ್ತಿದ್ದಿರಬೇಕು. ಯಜಮಾನರು ಕೈ ಮುಗಿದು ನಿಂತಿದ್ದರು. ಮುಗಿಸಿ, ಮುಷ್ಟಿ ಬಿಗಿ ಹಿಡಿದು ಬಾಗಿಲತ್ತ ಹೊರಟಳು. ಗೇಟು ನೇರ ಎದುರಿಗಿತ್ತು.

"ಒಲೆಗೆ! ಒಲೆಗ್ ಹಾಕಮ್ಮ!" ಎಂದು ಹೆಡ್‌ಮಾಸ್ತರರು, ಮ್ಯಾಥ್ಸ್ ಮೇಷ್ಟ್ರು, ನಾನು, ಮೂವರೂ ಒಟ್ಟಿಗೇ ಕೂಗಿಕೊಂಡೆವು.

"ಒಲೆಗೇ ಸಾರ್. ಹೋಟ್ಲಿಗ್ ಹೋಯ್ತೀನಿ" ಎಂದಳು.

"ಬೆಂಕಿ ಹತ್ತಿರ ಹೋಗ್ತಿದೀಯ, ಆ ಹಾಲ್ ಟಿಕೆಟ್ ಈ ಮೇಜಿನ ಮೇಲಿಟ್ಟು ಹೋಗು" ಎಂದರು ಹೆಡ್‌ಮಾಸ್ತರರು. ಅವಳು ಆ ಮೇಜನ್ನು ನೋಡಿದಳು, ಪಕ್ಕದ ಬೀರುವನ್ನು ನೋಡಿದಳು. "ಬ್ಯಾಡ ಸಾರ್" ಎಂದು, ಒಂದು ಕೈಯಲ್ಲಿ ಉಪ್ಪು ಮೆಣಸಿನಕಾಯಿ, ಇನ್ನೊಂದು ಕೈಯಲ್ಲಿ ಹಾಲ್ ಟಿಕೆಟ್ಟು ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದಳು.